ಓಮದ ನೀರಿನ ಹಾಡು

ಹಾಡು ಶುರುವಾದರೆ ನಾನು ಅಗಿಯುವುದನ್ನು ನಿಲ್ಲಿಸುತ್ತೇನೆ. ಎಲ್ಲ ಹಾಡಿಗೂ ಅಲ್ಲ, ಕೆಲವಕ್ಕೆ ಮಾತ್ರ. ಬಾಯಲ್ಲಿರುವುದನ್ನು ಹಾಗೆಯೇ ದವಡೆಗೆ ಒತ್ತಿಟ್ಟುಕೊಂಡು, ಉಸಿರು ಬಿಗಿಹಿಡಿದು, ಒಮ್ಮೆ ಬಾಗಿಲ ಕಡೆ ನೋಡುತ್ತೇನೆ. ಹಾಡು ಮುಗಿದ ಮೇಲೆ ಮತ್ತೆ ಅಗಿಯುತ್ತೇನೆ. ಇಂಥದೊಂದು ಅಭ್ಯಾಸ ನನಗಿದೆಯೆಂದು ಇಷ್ಟು ವರ್ಷ ನನಗೇ ತಿಳಿದಿರಲಿಲ್ಲ. ತಿಳಿಸಿದವರು ಲೇನಾ.

ಲೇನಾ ಸ್ವೀಡನ್ನಿನ ಉಪ್ಸಾಲಾದ ನಮ್ಮ ಪ್ರಯೋಗಾಲಯದ ಹಿರಿಯ ತಂತ್ರಜ್ಞೆ. ಈ ದೇಶದಲ್ಲಿ ಪ್ರೊಫೆಸರರನ್ನೂ ಹೆಸರು ಹಿಡಿದು, ಏಕವಚನದಲ್ಲೇ ಮಾತನಾಡಿಸುತ್ತಾರೆ. ಸ್ವೀಡಿಷ್‌ನಲ್ಲಿ ನಾನೂ ಹಾಗೆಯೇ ಮಾಡುತ್ತೇನೆ. ಕನ್ನಡದಲ್ಲಿ ಬರೆಯುವಾಗ ಮಾತ್ರ ಕೈ ಒಪ್ಪುವುದಿಲ್ಲ. ಅವರಿಗೆ ಅರುವತ್ತಾರು ವರ್ಷ, ನನಗೆ ಪಿಪೆಟ್ ಹಿಡಿಯುವಾಗ ಮೊಣಕೈ ಎಲ್ಲಿರಬೇಕೆಂದು ಕಲಿಸಿದವರು.

ಬೆಳಿಗ್ಗೆ ಒಂಬತ್ತೂವರೆಗೆ ಇಡೀ ವಿಭಾಗ ಫೀಕಾಕ್ಕೆ, ಎಂದರೆ ಕಾಫಿ ತಿಂಡಿಗೆ, ಎರಡನೇ ಮಹಡಿಯ ಕೋಣೆಯಲ್ಲಿ ಸೇರುತ್ತದೆ. ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕ್ನೆಕೆಬ್ರೋಡ್ ತಿನ್ನುತ್ತೇನೆ. ಅದು ಹಪ್ಪಳಕ್ಕೆ ದೂರದ ದಾಯಾದಿ. ಗಟ್ಟಿ, ಒಣಕಲು, ಕಚ್ಚಿದರೆ ಪಕ್ಕದ ಕೋಣೆಗೂ ಕೇಳಿಸುವಂಥದು. ಆ ಕೋಣೆಯಲ್ಲಿ ನಾನು ಮಾಡುತ್ತಿದ್ದ ಅತಿ ದೊಡ್ಡ ಸದ್ದು ಅದೊಂದೇ. ಎರಡು ವರ್ಷದಲ್ಲಿ ನಾನಾಗಿ ಆಡಿದ ಮಾತು "ಹಾಲು ಇದೆಯಾ" ಎಂಬುದನ್ನು ದಾಟಿರಲಿಲ್ಲ.

"ವಿದ್ಯಾ, ನಿನಗೆ ಹಲ್ಲುನೋವಾ?" ಎಂದು ಒಂದು ದಿನ ಲೇನಾ ಕೇಳಿದರು.

"ಇಲ್ಲವಲ್ಲ."

"ಮತ್ತೆ ರೇಡಿಯೋದಲ್ಲಿ ಇಂಥ ಹಾಡು ಬಂದಾಗಲೆಲ್ಲ ಅಗಿಯುವುದು ನಿಲ್ಲಿಸುತ್ತೀ. ಕಳೆದ ವಾರವೂ ಹೀಗೇ ಆಯಿತು. ತೊಂಬತ್ತರ ದಶಕದ ಕೊನೆಯ ಹಾಡುಗಳಿಗೆ ಮಾತ್ರ. ನಾನು ಗಮನಿಸುತ್ತಾ ಇದ್ದೇನೆ."

ನಲವತ್ತು ವರ್ಷ ಸೂಕ್ಷ್ಮದರ್ಶಕದೊಳಗೆ ಇಣುಕಿದವರ ಎದುರು ಕೂತು ತಿನ್ನುವುದರ ಅಪಾಯ ಇದು. ನಾನು ನಕ್ಕುಬಿಟ್ಟೆ. ಆದರೆ ಕಾರಣ ಆ ಕ್ಷಣವೇ ಹೊಳೆದಿತ್ತು. ಅದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವ ಕಾರಣವಲ್ಲ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಉಡುಪಿಯ ನಮ್ಮ ಮನೆಗೆ ಕೇಬಲ್ ಟಿ.ವಿ. ಬಂದಾಗ ನನಗೆ ಒಂಬತ್ತು, ಅಕ್ಕನಿಗೆ ಹದಿಮೂರು. ಭಾನುವಾರ ಊಟಕ್ಕೆ ಮುಂಚೆ ಇಂಗ್ಲಿಷ್ ಹಾಡುಗಳ ಒಂದು ಕಾರ್ಯಕ್ರಮ ಬರುತ್ತಿತ್ತು. ಆ ವಾರದ ಹತ್ತು ಜನಪ್ರಿಯ ಹಾಡುಗಳನ್ನು ಹತ್ತನೆಯದರಿಂದ ಶುರುಮಾಡಿ ಒಂದನೆಯದರವರೆಗೆ ತೋರಿಸುತ್ತಿದ್ದರು. ನಮ್ಮ ಅಜ್ಜಿ ಇದನ್ನು ಪರೀಕ್ಷೆಯ ಫಲಿತಾಂಶವೆಂದೇ ತಿಳಿದಿದ್ದರು. ರ‍್ಯಾಂಕ್ ಬಂದ ಮಕ್ಕಳ ಫೋಟೋ ಪೇಪರಿನಲ್ಲಿ ಬರುವ ಊರು ನಮ್ಮದು. ಹಾಗಾಗಿ ಅವರಿಗೆ ವಿಷಯ ಸುಲಭವಾಗಿ ಅರ್ಥವಾಗಿತ್ತು. ಮೂರನೇ ಸ್ಥಾನದಲ್ಲಿದ್ದ ಚಿನ್ನದ ಕೂದಲಿನ ಹುಡುಗನೊಬ್ಬ ಮರುವಾರ ಏಳಕ್ಕೆ ಇಳಿದಾಗ ಅಜ್ಜಿ ನಿಜಕ್ಕೂ ನೊಂದುಕೊಂಡರು.

"ಪಾಪ, ಜ್ವರ ಗಿರ ಬಂದಿರ್ಬೇಕು ಅವ್ನಿಗೆ. ಮೊನ್ನೆ ಅಷ್ಟು ಚಂದ ಹಾಡಿದ್ದ."

"ಅಜ್ಜಿ, ಅದು ಹಾಗಲ್ಲ," ಎಂದಳು ಅಕ್ಕ.

"ಎಂತ ಹಾಗಲ್ಲ? ಸೀತಮ್ಮನ ಮೊಮ್ಮಗನಿಗೂ ಹಾಗೇ ಆದದ್ದು. ಪರೀಕ್ಷೆಯ ದಿನವೇ ಜ್ವರ."

ಕ್ಯಾಸೆಟ್ ಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಅಂದರೆ ಇತ್ತು, ಯಕ್ಷಗಾನದ್ದಕ್ಕೆ. ಅಪ್ಪನ ಬಳಿ ಕಪಾಟು ತುಂಬ ಪ್ರಸಂಗಗಳಿದ್ದವು. ಅಂಗಡಿಯಿಂದ ತಂದ ಕ್ಯಾಸೆಟ್ಟಿನ ಮೇಲೆ ಬೇರೇನೂ ರೆಕಾರ್ಡ್ ಆಗದಂತೆ ಅದರ ನೆತ್ತಿಯ ಮೇಲೆ ಎರಡು ಸಣ್ಣ ಗುಳಿ ಬಿಟ್ಟಿರುತ್ತಾರೆ. ಆ ಗುಳಿಗಳಿಗೆ ಟೇಪ್ ಅಂಟಿಸಿದರೆ ಸಾಕು, ಕ್ಯಾಸೆಟ್ ತನ್ನ ಪೂರ್ವಾಶ್ರಮವನ್ನು ಮರೆಯುತ್ತದೆ. ಹೀಗೆ ಒಂದು ಯುದ್ಧದ ಪ್ರಸಂಗವನ್ನು ಅಕ್ಕ ಸದ್ದಿಲ್ಲದೆ ವಶಪಡಿಸಿಕೊಂಡಳು. ಅಪ್ಪನಿಗೆ ತಿಳಿದದ್ದು ಮೂರು ತಿಂಗಳ ನಂತರ. ಹೊತ್ತು ಮೀರಿತ್ತು, ಭಾಗವತರ ಜಾಗದಲ್ಲಿ ಚಿನ್ನದ ಕೂದಲಿನ ಹುಡುಗ ಕೂತಿದ್ದ.

ರೆಕಾರ್ಡ್ ಮಾಡುವ ವಿಧಾನ ಹೀಗಿತ್ತು. ಟೂ-ಇನ್-ಒನ್ ಅನ್ನು ಟಿ.ವಿ.ಯ ಸ್ಪೀಕರಿನ ಮುಂದೆ ಮಣೆಯ ಮೇಲೆ ಇಡುವುದು. ಅಕ್ಕನ ಎರಡು ಬೆರಳು ಕೆಂಪು ಬಟನ್ ಮತ್ತು ಅದರ ಪಕ್ಕದ ಬಟನ್ ಮೇಲೆ ಸಿದ್ಧವಾಗಿರುವುದು. ಯಾವ ಹಾಡೆಂದು ಖಚಿತವಾಗುವವರೆಗೆ ಅವಳು ಒತ್ತುತ್ತಿರಲಿಲ್ಲ. ರೀಲು ಸುಮ್ಮನೆ ಹಾಳಾಗಬಾರದಲ್ಲ. ಹಾಗಾಗಿ ನಮ್ಮ ಯಾವ ಹಾಡಿಗೂ ತಲೆ ಇರಲಿಲ್ಲ. ಎಲ್ಲವೂ ನಾಲ್ಕನೆಯ ಸಾಲಿನಿಂದ, ಒಂದು 'ಟಕ್' ಶಬ್ದದೊಂದಿಗೆ ಶುರುವಾಗುತ್ತಿದ್ದವು.

ಕೋಣೆಯ ಸದ್ದೆಲ್ಲ ಒಳಗೆ ಹೋಗುತ್ತಿದ್ದುದರಿಂದ ಮನೆಯನ್ನು ಸುಮ್ಮನಿರಿಸಬೇಕಿತ್ತು. ಆ ಕೆಲಸ ನನ್ನದು. ಮೊದಲೇ ಮಾತು ಕಡಿಮೆಯಾದ್ದರಿಂದ ನನ್ನನ್ನು ಯೋಗ್ಯಳೆಂದು ಆರಿಸಿದ್ದರೇನೋ. ಬಾಯಲ್ಲಿ ಚಕ್ಕುಲಿ ಇದ್ದರೆ ಅಗಿಯದೆ, ಬಾಗಿಲ ಕಡೆ ನೋಡುತ್ತಾ ನಿಲ್ಲುತ್ತಿದ್ದೆ. ಯಾರಾದರೂ ಬಂದರೆ ತುಟಿಯ ಮೇಲೆ ಬೆರಳು. ಕಾವಲಿಗೆ ನಿಂತವಳು ಎಂದು ನನಗೆ ಬಹಳ ಹೆಮ್ಮೆಯಿತ್ತು. ಆದರೆ ಕುಕ್ಕರಿನ ಮುಂದೆ ಯಾವ ಕಾವಲು?

"ಅಮ್ಮ, ಹಾಡು ಮುಗಿಯುವ ತನಕ ಒಲೆ ಆರಿಸಿ," ಎಂದು ಅಕ್ಕ ಅಂಗಲಾಚುತ್ತಿದ್ದಳು.

"ನಿಮ್ಮ ಹಾಡು ಕೇಳಿ ಅನ್ನ ಬೇಯುದಿಲ್ಲ. ಕುಚ್ಚಲಕ್ಕಿ ಅದು. ಬೇಕಿದ್ರೆ ಅವ್ರಿಗೇ ಹೇಳು, ಊಟ ಆದ ಮೇಲೆ ಹಾಡ್ಲಿ."

ಬೆಳ್ತಿಗೆ ಅಕ್ಕಿಯವರ, ಎಂದರೆ ಬಿಳಿ ಅಕ್ಕಿ ಉಣ್ಣುವವರ, ಮನೆಯಲ್ಲಿ ಹುಟ್ಟಿದ್ದರೆ ಮೂರು ಸೀಟಿಗೆ ಕಥೆ ಮುಗಿಯುತ್ತಿತ್ತು. ಕುಚ್ಚಲಕ್ಕಿ ಹಾಗಲ್ಲ, ಅದು ಸೀಟಿ ಹೊಡೆಯುತ್ತಲೇ ಇರುತ್ತದೆ. ಹಾಗಾಗಿ ಜಗತ್ತಿನ ಆ ಕಾಲದ ಪ್ರಖ್ಯಾತ ಹಾಡುಗಳೆಲ್ಲ ನಮ್ಮ ಕ್ಯಾಸೆಟ್ಟಿನಲ್ಲಿ ಆಗಾಗ ಸೀಟಿಯಡಿ ಮುಳುಗಿ, ಮತ್ತೆ ಬೇರೊಂದು ಕಡೆ ಏಳುತ್ತಿದ್ದವು. ಮುಳುಗಿದಷ್ಟು ಹೊತ್ತು ನಾವೇ ಒಳಗೊಳಗೆ ಹಾಡಿಕೊಂಡು ಆಚೆ ದಡಕ್ಕೆ ಮುಟ್ಟಬೇಕು. ಇಂಗ್ಲಿಷ್ ಪದಗಳು ಅರ್ಥವಾಗದ್ದರಿಂದ ಹಾಡಿನ ಹೆಸರು ನಮಗೆ ಗೊತ್ತಿರಲಿಲ್ಲ. ನಾವೇ ಹೆಸರಿಟ್ಟೆವು: ಎಂಟು ಸೀಟಿಯ ಹಾಡು. ಮೀನಿನವಳ ಹಾಡು, ಅದರಲ್ಲಿ ಹೊರಗಿನಿಂದ "ಬಂಗುಡೇ" ಎಂಬ ಕೂಗಿದೆ. ಮತ್ತು ಎಲ್ಲದಕ್ಕೂ ಮಿಗಿಲಾದದ್ದು, ಓಮದ ನೀರಿನ ಹಾಡು.

ಅದು ಸತತ ಐದು ವಾರ ಒಂದನೇ ಸ್ಥಾನದಲ್ಲಿತ್ತು. ಹಾಡಿದವಳು ನೀಲಿ ಕೋಟಿನ ಹುಡುಗಿ. ಕೊನೆಯ ಭಾಗದಲ್ಲಿ ಪಲ್ಲವಿ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಮೇಲಕ್ಕೆ ಹತ್ತುತ್ತದೆ, ಅವಳೂ ಕಣ್ಣುಮುಚ್ಚಿ ಗಂಟಲು ಹರಿದುಕೊಳ್ಳುತ್ತಾಳೆ. ಸರಿಯಾಗಿ ಆ ಜಾಗದಲ್ಲಿ, ನನ್ನ ಕಾವಲನ್ನು ಮುರಿದು ಅಜ್ಜಿ ಒಳಬಂದರು. ತುಟಿಯ ಮೇಲಿನ ನನ್ನ ಬೆರಳನ್ನು ಅವರು ನೋಡಲೇ ಇಲ್ಲ.

"ಅಯ್ಯೋ ದೇವ್ರೇ, ಈ ಹುಡುಗಿಗೆ ಹೊಟ್ಟೆನೋವಾ ಎಂತ? ಯಾರಾದ್ರೂ ಚೂರು ಓಮದ ನೀರು ಕೊಡಿ ಮಾರ್ರೆ!"

ಅಷ್ಟೂ ರೆಕಾರ್ಡ್ ಆಯಿತು. ಅದರಡಿ ಹಾಡಿನ ಒಂದು ಸಾಲು ಪೂರ್ತಿ ಮುಚ್ಚಿಹೋಯಿತು. ಅಕ್ಕ ಅತ್ತಳು. ನಾನು ಕೆಲಸದಲ್ಲಿ ಸೋತವಳಂತೆ ತಲೆತಗ್ಗಿಸಿ ನಿಂತೆ. ಆಮೇಲೆ ಆ ಕ್ಯಾಸೆಟ್ಟನ್ನು ನಾವು ಎಷ್ಟು ನೂರು ಸಲ ಕೇಳಿದೆವೋ. ಅಜ್ಜಿಯ ಮಾತು ಬಂದಾಗ ಇಬ್ಬರೂ ಒಟ್ಟಿಗೆ, ಅದೇ ಏರುದನಿಯಲ್ಲಿ, "ಓಮದ ನೀರು ಕೊಡಿ ಮಾರ್ರೆ" ಎನ್ನುತ್ತಿದ್ದೆವು.

ಈ ಹಾಡುಗಳಲ್ಲಿ ಅರ್ಧಕ್ಕರ್ಧ ಸ್ವೀಡನ್ನಿನಲ್ಲಿ ಬರೆದವು ಎಂದು ನನಗೆ ತಿಳಿಸಿದವನು ಇಲ್ಲಿನ ಸಂಶೋಧನಾ ವಿದ್ಯಾರ್ಥಿ ಎಲಿಯಾಸ್. ಅವನು ಆ ದಶಕ ಮುಗಿದ ಮೇಲೆ ಹುಟ್ಟಿದವನು. ಆ ಕಾಲವನ್ನು ನಾವು ವಿಜಯನಗರವನ್ನು ಓದಿದಂತೆ ಓದಿ ತಿಳಿದಿದ್ದಾನೆ. ಇಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಸ್ಟಾಕ್‌ಹೋಮಿನ ಯಾವುದೋ ಕೋಣೆಯಲ್ಲಿ ಯಾರೋ ಬಾಗಿಲು ಮುಚ್ಚಿ, ಒಂದು ಸೂಜಿ ಬಿದ್ದ ಸದ್ದೂ ಇಲ್ಲದಂತೆ ಮಾಡಿದ ಹಾಡಿಗೆ ನಾವು ಉಡುಪಿಯಲ್ಲಿ ಕುಚ್ಚಲಕ್ಕಿ ಸೇರಿಸಿದ್ದೆವು.

ಈಗ ಸ್ಪರ್ಧೆಯ ವಿಷಯಕ್ಕೆ ಬರುತ್ತೇನೆ. ನಮ್ಮ ವಿಭಾಗದಲ್ಲಿ ಪ್ರತಿ ವಸಂತದಲ್ಲೂ ಮಹಡಿ ಮಹಡಿಗಳ ನಡುವೆ ಹಾಡಿನ ಕ್ವಿಜ್ ನಡೆಯುತ್ತದೆ. ಗೆದ್ದವರಿಗೆ ಕಪ್ಪಿಲ್ಲ, ಹೂವಿಲ್ಲ. ಅವರಿಗೆ ಸಿಗುವುದು ಫೀಕಾ ಕೋಣೆಯ ರೇಡಿಯೋ. ಒಂದು ವರ್ಷ ಅಲ್ಲಿ ಏನು ಹಾಕಬೇಕೆಂದು ಗೆದ್ದ ಮಹಡಿಯವರೇ ನಿರ್ಧರಿಸುತ್ತಾರೆ, ಉಳಿದವರು ಬಾಯಿಮುಚ್ಚಿ ಕೇಳುತ್ತಾರೆ. ಸ್ವೀಡನ್ನಿನ ಸಮಾನತೆಯಲ್ಲಿ ನಾನು ಕಂಡ ಏಕೈಕ ಸರ್ವಾಧಿಕಾರ ಇದು. ನಾಲ್ಕು ವರ್ಷದಿಂದ ಮೂರನೇ ಮಹಡಿಯವರೇ ಗೆಲ್ಲುತ್ತಿದ್ದರು, ಅವರು ಹೆಚ್ಚಾಗಿ ಕೇಳಿಸುತ್ತಿದ್ದದ್ದು ಐಸ್ ಹಾಕಿಯ ವಿವರಣೆ. ನಮ್ಮ ಎರಡನೇ ಮಹಡಿ ಇದುವರೆಗೆ ಒಮ್ಮೆಯೂ ಗೆದ್ದಿರಲಿಲ್ಲ. ಲೇನಾ ಜೂನ್‌ನಲ್ಲಿ ನಿವೃತ್ತರಾಗುವವರಿದ್ದರು.

"ಕೊನೆಯ ಎರಡು ತಿಂಗಳಾದರೂ ಹಾಕಿ ಇಲ್ಲದೆ ಒಂದು ಕಪ್ ಕಾಫಿ ಕುಡಿಯಬೇಕು ನನಗೆ. ವಿದ್ಯಾ, ನೀನು ತಂಡದಲ್ಲಿದ್ದೀ," ಎಂದರು ಲೇನಾ.

"ನನಗೆ ಒಂದು ಹಾಡಿನ ಹೆಸರೂ ಗೊತ್ತಿಲ್ಲ."

"ಅಗಿಯುವುದು ನಿಲ್ಲಿಸುತ್ತೀಯಲ್ಲ, ಅಷ್ಟು ಸಾಕು."

ಮೂರನೇ ಮಹಡಿಯ ಗೆಲುವಿಗೆ ಕಾರಣ ವಿನಯ್ ಎಂಬ ಬೆಂಗಳೂರಿನವರು. ಬಸವನಗುಡಿ. ಚಿಕ್ಕಂದಿನಲ್ಲೇ ಅವರಿಗೆ ಮಾವ ಅಸಲಿ ಕ್ಯಾಸೆಟ್‌ಗಳನ್ನು, ಆಮೇಲೆ ಸಿ.ಡಿ.ಗಳನ್ನು ತಂದುಕೊಡುತ್ತಿದ್ದರಂತೆ. ಹಾಡಿನ ಮೊದಲ ಎರಡು ಸೆಕೆಂಡ್ ಕೇಳಿದರೆ ಹೆಸರು, ವರ್ಷ, ಎಷ್ಟನೇ ಸ್ಥಾನಕ್ಕೆ ಏರಿತ್ತು, ಎಲ್ಲ ಹೇಳುತ್ತಾರೆ. ಸ್ಪರ್ಧೆಯ ದಿನ ಮಧ್ಯಾಹ್ನ ಮೆಟ್ಟಿಲಲ್ಲಿ ಎದುರಾದರು.

"ಏನ್ರೀ ವಿದ್ಯಾ, ನೀವೂ ಟೀಮಲ್ಲಿದೀರಂತೆ? ಉಡುಪೀಲಿ ಆಗ ಕೇಬಲ್ ಬಂದಿತ್ತಾ?"

"ಬಂದಿತ್ತು."

"ಸಖತ್! ಆದ್ರೂ ಬಿಡಿ, ಚಾನ್ಸೇ ಇಲ್ಲ. ನೀವು ಮಾತಾಡಿದ್ದನ್ನೇ ನಾನು ಕೇಳಿಲ್ಲ, ಇನ್ನು ಹಾಡು ಹೇಳ್ತೀರಾ?"

ಅವರು ಕೆಟ್ಟವರಲ್ಲ. ಹಬ್ಬಕ್ಕೆ ಒಬ್ಬಟ್ಟು ತಂದುಕೊಡುತ್ತಾರೆ. ಆದರೆ ಆ ಮಾತಿಗೆ ತಕ್ಕ ಉತ್ತರ ನನಗೆ ಹೊಳೆದದ್ದು ಎರಡು ಮಹಡಿ ಇಳಿದ ಮೇಲೆ. ನನ್ನ ಉತ್ತರಗಳೆಲ್ಲ ಹೀಗೆ ಮೆಟ್ಟಿಲಲ್ಲೇ ಉಳಿದಿವೆ.

ಮೊದಲ ಸುತ್ತಿನಲ್ಲಿ ಹಾಡಿನ ಆರಂಭವನ್ನಷ್ಟೇ ಕೇಳಿಸಿದರು, ಐದೈದು ಸೆಕೆಂಡ್. ನನಗೆ ಒಂದೂ ಗುರುತು ಸಿಗಲಿಲ್ಲ. ಹೇಗೆ ಸಿಗಬೇಕು? ನಾನು ತಲೆಯಿಲ್ಲದ ಹಾಡುಗಳ ಜೊತೆ ಬೆಳೆದವಳು. ವಿನಯ್ ಒಂದಾದ ಮೇಲೊಂದು ಹೇಳುತ್ತಾ ಹೋದರು. ಎರಡನೇ ಸುತ್ತು ಹಳೆಯ ಸ್ವೀಡಿಷ್ ಹಾಡುಗಳದ್ದು. ಲೇನಾ ಒಬ್ಬರೇ ನಿಂತು ಕಾದಾಡಿ, ಅಂತರವನ್ನು ನಾಲ್ಕು ಅಂಕಕ್ಕೆ ಇಳಿಸಿದರು. ಉಳಿದದ್ದು ಕೊನೆಯ ಸುತ್ತು: ಮುಂದಿದ್ದ ಎರಡು ತಂಡಗಳಿಗೆ ಒಂದೇ ಹಾಡು, ಐದು ಅಂಕ.

ಅದರ ನಿಯಮ ಸರಳ. ತೊಂಬತ್ತರ ದಶಕದ ಕೊನೆಯ ಹಿಟ್ ಹಾಡೊಂದನ್ನು ಹಾಕುತ್ತಾರೆ. ತಂಡದ ಒಬ್ಬರು ಅದರ ಜೊತೆ ಹಾಡಬೇಕು. ನಡುವೆ ಒಂದೆಡೆ ಸದ್ದನ್ನು ಪೂರ್ತಿ ಆರಿಸುತ್ತಾರೆ, ಅರ್ಧ ನಿಮಿಷ. ಒಳಗೆ ಹಾಡು ಓಡುತ್ತಲೇ ಇರುತ್ತದೆ, ಕೇಳಿಸುವುದಿಲ್ಲ ಅಷ್ಟೆ. ಮತ್ತೆ ಸದ್ದು ಬಂದಾಗ ಹಾಡುವವರು ಅದೇ ಜಾಗದಲ್ಲಿ, ಅದೇ ಶ್ರುತಿಯಲ್ಲಿ ಇರಬೇಕು, ಅಂಕ ಅದಕ್ಕೆ ಮಾತ್ರ.

ನಿಯಮವನ್ನು ಓದಿ ಹೇಳುತ್ತಿದ್ದಂತೆ ನಾನು ಕುರ್ಚಿಯ ತುದಿಗೆ ಸರಿದೆ. ಮುಳುಗಿ ಏಳುವ ಹಾಡು. ಇದು ಕುಕ್ಕರಿನ ಪರೀಕ್ಷೆ!

"ನಾನು ಹೋಗುತ್ತೇನೆ," ಎಂದೆ.

ಎಲಿಯಾಸ್ ನನ್ನನ್ನು ನೋಡಿದ. "ಎಲ್ಲಿಗೆ?"

"ಹಾಡುವುದಕ್ಕೆ."

ಲೇನಾ ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ತೆಗೆದುಕೊಂಡರು.

ಮೂರನೇ ಮಹಡಿಯ ಪರವಾಗಿ ವಿನಯ್ ಮೊದಲು. ಕೇಳಿಸಿಕೊಳ್ಳಬಾರದೆಂದು ನನ್ನನ್ನು ಪಡಸಾಲೆಯ ಆ ಕೊನೆಗೆ ಕಳುಹಿಸಿದರು. ಹತ್ತು ನಿಮಿಷದ ನಂತರ ಎಲಿಯಾಸ್ ಕರೆಯಲು ಬಂದ. "ಒಂದೊಂದು ಶಬ್ದವೂ ಸರಿ ಹೇಳಿದ. ಆದರೆ ಅವಸರ ಮಾಡಿ ಅರ್ಧ ಸಾಲು ಮುಂದೆ ಹೋಗಿಬಿಟ್ಟಿದ್ದ. ನೀನು ಅದಕ್ಕಿಂತ ಹತ್ತಿರ ಬಂದರೂ ಸಾಕು."

ಒಳಗೆ ನಲವತ್ತು ಜನ. ಹಾಡು ಶುರುವಾಯಿತು. ಯಾವುದೆಂದು ತಿಳಿಯಲಿಲ್ಲ. ಪಿಯಾನೋದಂಥ ಏನೋ ನುಡಿಯಿತು, ಒಂದು ಹೆಣ್ಣುದನಿ ಮೆಲ್ಲಗೆ ಎರಡು ಸಾಲು ಹೇಳಿತು. ಮೂರು ಸಾಲು. ನಾನು ಬಾಯಿ ತೆರೆದಿರಲಿಲ್ಲ. ಯಾರೋ ಕೆಮ್ಮಿದರು. ವಿನಯ್ ತಲೆಯಲ್ಲಾಡಿಸಿದ್ದು ಕಂಡಿತು. ಬಾಗಿಲ ಕಡೆ ನೋಡಿದೆ; ಓಡಿಹೋಗಬಹುದಾಗಿತ್ತು.

ನಾಲ್ಕನೆಯ ಸಾಲು. ಟಕ್! ನನ್ನ ಕಿವಿಯೊಳಗೆ ಅಕ್ಕನ ಬೆರಳುಗಳು ಎರಡು ಬಟನ್ ಒತ್ತಿದವು.

ಓಮದ ನೀರಿನ ಹಾಡು.

ಹಾಡತೊಡಗಿದೆ. ಎರಡು ಚರಣ ದಾಟಿದವು. ಆಗ ಸದ್ದನ್ನು ಆರಿಸಿದರು. ಕೋಣೆಯಲ್ಲಿ ನನ್ನ ದನಿಯೊಂದೇ ಉಳಿಯಿತು. ಇಡೀ ವಿಭಾಗದ ಮುಂದೆ, ಯಾವ ಆಸರೆಯೂ ಇಲ್ಲದೆ. ವಿಚಿತ್ರವೆಂದರೆ ನನಗೆ ಒಂಟಿ ಅನ್ನಿಸಲಿಲ್ಲ. ಒಳಗೆ ಎಲ್ಲವೂ ಕೇಳಿಸುತ್ತಿತ್ತು. ಇಲ್ಲಿ ಮೊದಲ ಸೀಟಿ, ಉದ್ದದ್ದು. ಇಲ್ಲಿ ಅಮ್ಮ ಪಾತ್ರೆ ಇಡುವ ಸದ್ದು. ಇಲ್ಲಿ ಎರಡನೇ ಸೀಟಿ, ಗಿಡ್ಡ. ಈಗ ಬಾಗಿಲು ಕಿರ್ರೆನ್ನುತ್ತದೆ. ಈಗ ಅಜ್ಜಿ. ಮತ್ತು ಈಗಲೇ ಪಲ್ಲವಿ ಒಂದು ಮೆಟ್ಟಿಲು ಹತ್ತಬೇಕು.

ಆ ಸಾಲಿನ ಶಬ್ದಗಳು ನನಗೆ ಗೊತ್ತಿರಲಿಲ್ಲ. ನಮ್ಮ ಕ್ಯಾಸೆಟ್ಟಿನಲ್ಲಿ ಆ ಜಾಗದಲ್ಲಿ ಅಜ್ಜಿಯೇ ಇದ್ದರು. ಯೋಚಿಸಲು ಸಮಯವೂ ಇರಲಿಲ್ಲ. ಕಣ್ಣುಮುಚ್ಚಿದೆ, ನೀಲಿ ಕೋಟಿನ ಹುಡುಗಿಯ ಹಾಗೆ ಗಂಟಲು ಹರಿದುಕೊಂಡು, ಮೇಲಿನ ಶ್ರುತಿಯಲ್ಲಿ ಹಾಡಿದೆ:

"ಅಯ್ಯೋ ದೇವ್ರೇ, ಈ ಹುಡುಗಿಗೆ ಹೊಟ್ಟೆನೋವಾ ಎಂತ? ಯಾರಾದ್ರೂ ಚೂರು ಓಮದ ನೀರು ಕೊಡಿ..."

"ಮಾರ್ರೆ" ಎನ್ನುವಷ್ಟರಲ್ಲಿ ಸ್ಪೀಕರು ಸ್ಫೋಟಿಸಿದಂತೆ ಹಾಡು ಮರಳಿ ಬಂತು. ಅವಳ ದನಿ ನನ್ನ ದನಿಯ ಮೇಲೆಯೇ ಬಂದು ಕೂತಿತು. ಒಂದು ಕೂದಲೆಳೆಯೂ ಆಚೀಚೆ ಇರಲಿಲ್ಲ.

ಕೋಣೆ ಎದ್ದು ನಿಂತಿತು. ಸ್ವೀಡಿಷರು ಮೇಜು ಬಡಿಯುವುದನ್ನು ನಾನು ಮೊದಲ ಬಾರಿಗೆ ಕಂಡೆ. ಲೇನಾ ನನ್ನ ಕಾಫಿಯನ್ನು ಎತ್ತಿಹಿಡಿದು ಕುಣಿಯುತ್ತಿದ್ದರು, ಅರ್ಧ ಅವರ ತೋಳಿನ ಮೇಲೆ ಚೆಲ್ಲಿತ್ತು. ಮಾತಿನ ಅರ್ಥವಾದದ್ದು ಆ ನಲವತ್ತು ಜನರಲ್ಲಿ ಒಬ್ಬರಿಗೇ. ವಿನಯ್ ಕುರ್ಚಿಯಲ್ಲಿ ಅರ್ಧ ಜಾರಿ, ಕಣ್ಣೊರೆಸಿಕೊಳ್ಳುತ್ತಿದ್ದರು.

"ಯಾರ್ರೀ ಅದು? ಯಾರು ಓಮದ ನೀರು ಕೇಳಿದ್ದು?"

"ನಮ್ಮ ಅಜ್ಜಿ."

"ಬಿಡ್ರಿ, ಸೋತಿದ್ದಕ್ಕೆ ಬೇಜಾರೇ ಇಲ್ಲ. ಒರಿಜಿನಲ್ ಕ್ಯಾಸೆಟ್ಟಲ್ಲಿ ಅಜ್ಜಿ ಇರ್ಲಿಲ್ಲ ನೋಡಿ."

ನಾನು ಹೇಳಿದೆ, ಈ ಸಲ ಮೆಟ್ಟಿಲವರೆಗೆ ಕಾಯದೆ: "ಬೆಳ್ತಿಗೆ ಅಕ್ಕಿ ತಿಂದವರಿಗೆ ತಾಳ ನಿಲ್ಲುವುದಿಲ್ಲ ವಿನಯ್."

ಆ ಸಂಜೆ ಉಡುಪಿಗೆ ಫೋನ್ ಮಾಡಿದೆ. ಅಜ್ಜಿ ಈಗ ಅಕ್ಕನ ಮನೆಯಲ್ಲಿದ್ದಾರೆ, ತೊಂಬತ್ತು ದಾಟಿದೆ, ಕಿವಿ ಸೂಕ್ಷ್ಮವಾಗಿಯೇ ಇದೆ.

"ಅಜ್ಜಿ, ಹಾಡಿನಲ್ಲಿ ನಂಗೆ ಫಸ್ಟ್ ರ‍್ಯಾಂಕ್."

"ಹೌದಾ? ಒಳ್ಳೇದಾಯ್ತು ಮಗಾ. ಎಷ್ಟು ಜನ ಇದ್ರು?"

"ಇಬ್ಬರು."

"ಇನ್ನೊಬ್ಬನಿಗೆ ಜ್ವರ ಗಿರ ಇರ್ಲಿಲ್ಲ ಅಲ್ಲವಾ?"

"ಇಲ್ಲ ಅಜ್ಜಿ. ಗಟ್ಟಿಮುಟ್ಟಾಗಿದ್ದರು."

"ಹಾಗಾದ್ರೆ ಅಡ್ಡಿಲ್ಲ. ಅದು ಫಸ್ಟೇ."

ಅಕ್ಕ ಫೋನ್ ಕಸಿದುಕೊಂಡು, "ಕ್ಯಾಸೆಟ್ ನನ್ನತ್ರ ಉಂಟು ಮಾರಾಯ್ತಿ, ನೋಡ್ತೇನೆ ಓಡ್ತದಾ ಅಂತ," ಎಂದಳು. ಎರಡು ದಿನದಲ್ಲಿ ಎಲ್ಲಿಂದಲೋ ಒಂದು ಪ್ಲೇಯರ್ ಹುಡುಕಿ, ಮೊದಲ ಬದಿಯನ್ನು ಪೂರ್ತಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳುಹಿಸಿದಳು.

ಸೋಮವಾರ ಒಂಬತ್ತೂವರೆಗೆ ರೇಡಿಯೋ ನಮ್ಮ ಕೈಗೆ ಬಂತು. ಮೊದಲ ದಿನದ ಆಯ್ಕೆಯನ್ನು ಲೇನಾ ನನಗೇ ಬಿಟ್ಟರು. ನಾನು ಅಕ್ಕ ಕಳುಹಿಸಿದ ರೆಕಾರ್ಡಿಂಗನ್ನು ಫೋನಿನಿಂದ ಹಚ್ಚಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೆ.

ಟಕ್. ಗೊರಗೊರ ಸದ್ದು. ಆಮೇಲೆ ಹದಿಮೂರು ವರ್ಷದ ಅಕ್ಕ, ಸ್ಪಷ್ಟವಾಗಿ: "ಶ್ಶ್!"

ಇಡೀ ಕೋಣೆ ನಿಂತಿತು. ಲೋಟಗಳು ತುಟಿಯ ಬಳಿಯೇ ತಡೆದವು. ಎಲಿಯಾಸ್ ಬಾಯಲ್ಲಿದ್ದ ಬನ್ನನ್ನು ಅಗಿಯದೆ ಹಾಗೆಯೇ ಹಿಡಿದುಕೊಂಡ. ಹಾಡು ಬಂತು, ಮೊದಲ ಸೀಟಿ ಬಂತು. ಮೂರನೇ ಮಹಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾತ್ರೆಯ ಸದ್ದು, ಗಿಡ್ಡ ಸೀಟಿ, ಬಾಗಿಲು. ಉಪ್ಸಾಲಾದ ಆ ಕೋಣೆಗೆ ನಮ್ಮ ಅಜ್ಜಿ ಯಾರ ಅಪ್ಪಣೆಯನ್ನೂ ಕೇಳದೆ ಒಳಬಂದು ಓಮದ ನೀರು ಕೇಳಿದರು. ವಿನಯ್ ಎದ್ದು ಕೈಮುಗಿದರು. ಹಾಡು ಮುಗಿದದ್ದೇ ತಡ, ಅಳಿಸಿಹೋಗದೆ ಉಳಿದ ಪ್ರಸಂಗದ ತುಣುಕೊಂದರಿಂದ ಚೆಂಡೆ ಸಿಡಿಯಿತು.

"ಈ ಡ್ರಮ್ ಬಾರಿಸಿದವರು ಯಾರು?" ಎಲಿಯಾಸ್ ಪಿಸುಗುಟ್ಟಿದ.

ಅಷ್ಟರಲ್ಲಿ ಮುಂದಿನ ಹಾಡು ಶುರುವಾಗಿತ್ತು, ಎಂಟು ಸೀಟಿಯದ್ದು. ಎಲ್ಲರೂ ಉಸಿರು ಬಿಗಿಹಿಡಿದು ಸೀಟಿಗೆ ಕಾಯುತ್ತಿದ್ದರು. ಬಾಗಿಲಿನಲ್ಲಿ ಯಾರೂ ಇರಲಿಲ್ಲ. ನನಗೆ ಕಾವಲು ಕಾಯುವ ಕೆಲಸವೂ ಇರಲಿಲ್ಲ. ತಟ್ಟೆಯಿಂದ ಕ್ನೆಕೆಬ್ರೋಡ್ ತೆಗೆದುಕೊಂಡು, ಹಾಡಿನ ನಟ್ಟನಡುವೆ, ಕಟುಮ್ಮೆಂದು ಕಚ್ಚಿದೆ.

ನಲವತ್ತು ತಲೆಗಳು ಒಟ್ಟಿಗೆ ನನ್ನತ್ತ ತಿರುಗಿದವು. ಲೇನಾ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಕ್ಕರಿಸಿದರು.

ನಾನು ನಿಧಾನವಾಗಿ, ಚೆನ್ನಾಗಿ ಅಗಿದು, ಇನ್ನೊಂದು ತುಂಡು ಕಚ್ಚಿದೆ.